ಒಣಗಬೇಕಿದ್ದ ಜೋಳ

ಮನ್ನಾಏಖೇಳ್ಳಿಯ ಬಸ್ ನಿಲ್ದಾಣದಲ್ಲಿ ಆ ಹೆಣ್ಣುಮಗಳು ಗುಂಡಗಿನ ಅಲ್ಯೂಮಿನಿಯಂ ಕ್ಯಾನೊಂದನ್ನು ಕಾಲ ಬಳಿ ಇಟ್ಟುಕೊಂಡು ಆಟೋ ಕಾಯುತ್ತ ನಿಂತಿದ್ದಳು. ಮುಚ್ಚಳ ತೆಗೆದು ಒಳಗೆ ಕಡ್ಡಿ ಇಳಿಸಿ ನೋಡಿದಾಗ ಕ್ಯಾನಿನ ಬಾಯಿಂದ ಬೆಳ್ಳನೆಯ ಹೊಗೆ ಕೆಳಮುಖವಾಗಿ ಇಳಿಯಿತು. ಇಂಥ ಕ್ಯಾನು ಹಿಡಿದು ತಿರುಗುವವರು ಈ ಸೀಮೆಯಲ್ಲಿ ಒಂದೇ ಬಗೆಯ ಜನ: ಆಕಳು, ಎಮ್ಮೆಗಳಿಗೆ ಸೂಜಿ ಹಾಕಿ ಗಬ್ಬ ಕಟ್ಟಿಸುವವರು. ಹೋರಿಯ ಬೀಜ ಕೆಡಬಾರದೆಂದು ಅವರು ಅದನ್ನು ಹೊಗೆಯಾಡುವ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟಿರುತ್ತಾರೆ. ಇಷ್ಟು ಗೊತ್ತಿದ್ದ ಮೇಲೆ ಸುಮ್ಮನಿರುವುದು ಹೇಗೆ? ಈ ಬರೆಹಗಾರ ಹತ್ತಿರ ಹೋಗಿ, ಲೋಕವನ್ನೆಲ್ಲ ಕಂಡವನ ಧಾಟಿಯಲ್ಲಿ, “ನಮ್ಮ ಭಾವನ ಎಮ್ಮಿ ನಿನ್ನೆಯಿಂದ ಒದರಾಕತ್ತದ್ರಿ. ನಿಮ್ಮ ಹತ್ರ ಮುರ್ರಾ ಕೋಣದ್ದು ಅದನು?” ಎಂದು ಕೇಳಿಬಿಟ್ಟ.

ಆಕೆ ತಲೆಯೆತ್ತಿ ನೋಡಿದಳು. “ಇದರಾಗ ಜ್ವಾಳದ ಎಲಿ ಅವರಿ. ಎಮ್ಮಿಗಿ ಹಾಕಿದ್ರ ತಿಂತದ. ಗಬ್ಬ ಆಗಂಗಿಲ್ಲ.”

ಸುಮೇಧಾಳ ಪರಿಚಯವಾದದ್ದು ಹೀಗೆ. ಆಮೇಲೆ ತಿಳಿದುಬಂದದ್ದೇನೆಂದರೆ, ಈ ತಪ್ಪು ಮಾಡಿದವರ ಸಾಲು ಸಾಕಷ್ಟು ಉದ್ದವಿದೆ. ಘಾಟಬೋರಾಳದ ಧೂಳಮ್ಮ, ಕುರಿ ಆಕಳು ಕಾಯ್ದುಕೊಂಡೇ ಮುದುಕಿಯಾದವಳು, ಒಮ್ಮೆ ಆಕಳಿನ ಹಗ್ಗ ಹಿಡಿದು ಸೀದಾ ಸುಮೇಧಾ ಕೆಲಸ ಮಾಡುತ್ತಿದ್ದ ಹೊಲದ ಬದುವಿಗೇ ಬಂದುಬಿಟ್ಟಿದ್ದಳು.

“ನಾ ದನದ ಡಾಕ್ಟರ್ ಅಲ್ಲ ಆಯಿ, ಗಿಡದ ಮ್ಯಾಲ ಕೆಲಸ ಮಾಡಾಕತ್ತೇನಿ” ಎಂದಿದ್ದಳು ಸುಮೇಧಾ.

“ಗಿಡಕ್ಕೂ ಸೂಜಿ ಹಾಕ್ತಾರೇನು ಈಗ?”

“ಹಾಕಂಗಿಲ್ಲ. ಎಲಿ ಕತ್ತರಿಸಿ ಒಯ್ತೀನಿ.”

“ಎಲಿ ಒಯ್ಯಲಿಕ್ಕೆ ಇಷ್ಟ್ಯಾಕ ಓದಬೇಕಿತ್ತವ್ವಾ? ನಮ್ಮ ಆಡು ದಿನಾ ಒಯ್ತಾವ.”

ಕ್ಯಾನು ಖರೆಯೇ ದನದ ಕೆಲಸದ್ದು. ಹುಮನಾಬಾದಿನಲ್ಲಿ ಬೈಕಿನ ಮೇಲೆ ಊರೂರು ತಿರುಗಿ ಆಕಳಿಗೆ ಸೂಜಿ ಹಾಕುವ ಸಿರಾಜುದ್ದೀನ್, ತನ್ನ ಹಳೆಯ ಕ್ಯಾನನ್ನು ತುಂಬಿಸಿ ಆಕೆಗೆ ಕೊಡುತ್ತಿದ್ದ. ಎಲೆಯನ್ನು ಗಿಡದಿಂದ ಕತ್ತರಿಸಿದ ಕ್ಷಣದಿಂದಲೇ ಅದರೊಳಗಿನ ಸಂಗತಿ ಬದಲಾಗತೊಡಗುತ್ತದೆ; ಆ ಸಾರಜನಕದಲ್ಲಿ ಮುಳುಗಿಸಿದರೆ ಎಲ್ಲ ಇದ್ದಲ್ಲೇ ನಿಲ್ಲುತ್ತದೆ. ಸುಮೇಧಾಳಿಗೆ ಬೇಕಾಗಿದ್ದದ್ದು ಅಷ್ಟೇ. ಬಾಯಾರಿ ನಿಂತ ಜೋಳದ ಎಲೆ, ಬಾಯಾರಿದ್ದಾಗ ಹೇಗಿತ್ತೋ ಹಾಗೆಯೇ.

ಆಕೆ ಘಾಟಬೋರಾಳದವಳೇ. ಅಪ್ಪ ನರಸಿಂಗ, ಅವ್ವ ಸುಗಂಧಾ, ಇಬ್ಬರೂ ಮಂದಿಯ ಹೊಲದಲ್ಲಿ ದುಡಿದವರು. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಸುಮೇಧಾಳ ಪದವಿಯ ಫೋಟೊ. ಸುಗಂಧಾ ಎರಡಕ್ಕೂ ಒಂದೇ ಹೂವನ್ನು ಅರ್ಧ ಅರ್ಧ ಮುರಿದು ಏರಿಸುತ್ತಾಳೆ. ಹುಡುಗಿ ಹುಮನಾಬಾದ್, ಬಸವಕಲ್ಯಾಣ, ಕಲಬುರಗಿ ಎಂದು ಬಸ್ಸು ಬದಲಿಸುತ್ತ ಓದಿ, ಕೊನೆಗೆ ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದಳು. ಅಲ್ಲಿನ ಗೈಡ್ ಸಾಹೇಬರು ಜೋಳ ತಿನ್ನುವವರಲ್ಲ, ಜೋಳದ ಮೇಲೆ ಭಾಷಣ ಮಾಡುವವರು. “ಬರದ ಜೋಳವನ್ನು ಬರದ ನಾಡಿನಲ್ಲೇ ನೋಡಬೇಕು, ನೀನು ಆ ಕಡೆಯವಳೇ ಅಲ್ಲವೇ” ಎಂದು ಆಕೆಯನ್ನು ಊರಿನ ಹೊಲಕ್ಕೇ ಕಳಿಸಿದರು; ತಿಂಗಳಿಗೊಮ್ಮೆ ಹೋಗಿ ಬರುವ ಏರ್ಪಾಡು. ತಾವು ಮಾತ್ರ ಮೂರು ಹಂಗಾಮಿನಲ್ಲಿ ಒಮ್ಮೆಯೂ ಬರಲಿಲ್ಲ. ಈ ಕಡೆಯ ಧೂಳು ಅವರಿಗೆ ಆಗಿಬರುವುದಿಲ್ಲವಂತೆ.

ಕೆಲಸ ಏನೆಂದು ಅವ್ವನಿಗೆ ತಿಳಿಸಿ ಹೇಳುವುದೇ ಒಂದು ಸಂಶೋಧನೆಯಾಗಿತ್ತು.

“ಗಿಡದ ಒಳಗ ಒಂದು ದೊಡ್ಡ ಮನಿ ಅದ ಅಂತ ತಿಳಿ ಅವ್ವಾ. ಅದೇ ಡಿಎನ್ಎ. ಅಜ್ಜಿ ಗಿಡಕ್ಕೂ ಅದೇ ಮನಿ, ಮೊಮ್ಮಗಳಿಗೂ ಅದೇ ಮನಿ. ಗ್ವಾಡಿ ಬದಲಾಗಂಗಿಲ್ಲ, ಬಾಗಿಲು ಬದಲಾಗಂಗಿಲ್ಲ. ಆದರ ನೀರು ಸಿಗದಿದ್ದಾಗ ಗಿಡ ಕೆಲವು ಖೋಲಿಗೆ ಕೀಲಿ ಹಾಕ್ತದ, ಕೆಲವು ತೆರೀತದ. ನನ್ನ ಸವಾಲು ಏನಂದರ, ತಾಯಿ ಹಾಕಿದ ಕೀಲಿ ಮಗಳ ಮನಿಯಾಗೂ ಹಂಗೇ ಉಳೀತದೋ, ಏನು ಪ್ರತಿ ಬೆಳಿ ಹೊಸದಾಗಿ ಹಾಕ್ಕೋತದೋ. ಮಷಿನ್ ಇರ್ತದ. ಅದು ಪ್ರತಿ ಬಾಗಿಲಿಗೂ ಹೋಗಿ ಕೀಲಿ ಅದನೋ ಇಲ್ಲೋ ನೋಡಿ ನಕ್ಷಾ ಮಾಡ್ತದ.”

ಸುಗಂಧಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು: “ಕೀಲಿ ಹಾಕಲಿಕ್ಕೆ ಮನಿಯಾಗ ಏನರ ಇರಬೇಕಲ್ಲ?”

ನಕ್ಷೆಗೆ ಹೊಲ ಬೇಕು. ಹೊಲ ಸಿಕ್ಕಿದ್ದು ಅಂಬಾದಾಸರಿಂದ. ಅಂಬಾದಾಸರು ಊರಿನ ದೊಡ್ಡ ಹೊಲದವರು; ಜೀಪಿನ ಹಿಂದಿನ ಗಾಜಿನ ಮೇಲೆ ‘ಪ್ರಗತಿಪರ ರೈತ’ ಎಂದು ತಾವೇ ಬರೆಸಿಕೊಂಡವರು. ಹುಮನಾಬಾದ್ ರಸ್ತೆಗೆ ಹತ್ತಿದ ತುಂಡೊಂದನ್ನು ಅವರು ಬಿಟ್ಟುಕೊಟ್ಟದ್ದು ಜೋಳದ ಮೇಲಿನ ಪ್ರೀತಿಯಿಂದಲ್ಲ, ಡಿಎನ್ಎ ಎಂಬ ಮಾತಿನ ಮೇಲಿನ ಮೋಹದಿಂದ. ಒಂದೇ ವಾರದಲ್ಲಿ ಅಲ್ಲಿ ಫಲಕವೆದ್ದಿತು: ‘ಅಂತರರಾಷ್ಟ್ರೀಯ ಡಿಎನ್ಎ ಸಂಶೋಧನಾ ಕ್ಷೇತ್ರ. ಸ್ಥಳದಾನಿಗಳು: ಶ್ರೀ ಅಂಬಾದಾಸರು.’ ಎಡಕ್ಕೆ ಅವರ ಭಾವಚಿತ್ರ, ಬಲಕ್ಕೆ ಅವರದೇ ಇನ್ನೊಂದು, ಪೇಟ ಸುತ್ತಿದ್ದು. ಸುಮೇಧಾಳ ಹೆಸರಿಗೆ ಜಾಗ ಸಾಲಲಿಲ್ಲ. ನೀರು ಬಿಡುವ, ಕಳೆ ತೆಗೆಯುವ ಕೂಲಿಗೆ ಸುಗಂಧಾ ಹೇಗೂ ಅಂಬಾದಾಸರ ಹೊಲದಲ್ಲೇ ಇದ್ದಳು.

ಆ ತುಂಡನ್ನು ಎರಡು ಪಟ್ಟಿಯಾಗಿ ಭಾಗ ಮಾಡಿದಳು ಸುಮೇಧಾ. ಒಂದಕ್ಕೆ ಬೇಕಾದಷ್ಟು ನೀರು. ಇನ್ನೊಂದಕ್ಕೆ ಮೊಳಕೆ ನಿಲ್ಲುವ ತನಕ ಮಾತ್ರ, ಆಮೇಲೆ ಹನಿಯೂ ಇಲ್ಲ. ಒಣ ಪಟ್ಟಿಯಲ್ಲಿ ತೆನೆ ಕಚ್ಚಿದ ಬೀಜವನ್ನೇ ಮರುವರ್ಷ ಮತ್ತೆ ಒಣ ಪಟ್ಟಿಯಲ್ಲಿ ಬಿತ್ತಿದಳು, ಅದರ ಬೀಜವನ್ನು ಅದರ ಮರುವರ್ಷ. ಹೀಗೆ ಅಜ್ಜಿ, ತಾಯಿ, ಮಗಳು, ಮೂರು ತಲೆಮಾರಿನ ಬಾಯಾರಿಕೆ. ಈ ಮೂರನೆಯ ಹಂಗಾಮಿನ ಎಲೆ ಕೈಗೆ ಬಂದರೆ ಕೀಲಿಗಳ ನಕ್ಷೆ ಪೂರ್ತಿಯಾಗುತ್ತಿತ್ತು. ಬರದಿದ್ದರೆ ಹಿಂದಿನ ಎರಡು ವರ್ಷವೂ ಬರೀ ಒಣಹುಲ್ಲು. ಮಾರ್ಚಿಗೆ ಆಕೆಯ ಶಿಷ್ಯವೇತನವೂ ಮುಗಿಯುತ್ತಿತ್ತು. ನಾಲ್ಕನೆಯ ಹಂಗಾಮು ಎಂಬುದು ಇರಲಿಲ್ಲ.

ಗೈಡ್ ಸಾಹೇಬರಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ‘ತಾಯಿಯ ಬಾಯಾರಿಕೆ ಮಗಳ ನೆನಪಿನಲ್ಲಿ’ ಎಂಬ ವಿಷಯವಾಗಿ ಅವರು ಆಗಲೇ ಮೂರು ಊರುಗಳಲ್ಲಿ ಮಾತಾಡಿ ಶಾಲು ಹೊದ್ದು ಬಂದಿದ್ದರು. ಪತ್ರಿಕೆಯೊಂದರಲ್ಲಿ ಅವರ ಫೋಟೊ ಸಹಿತ ಸುದ್ದಿಯೂ ಬಂದಿತ್ತು. ಕಂಡುಹಿಡಿದದ್ದಾಗಿತ್ತು, ಇನ್ನು ಎಲೆ ಕತ್ತರಿಸುವುದಷ್ಟೇ ಬಾಕಿ.

ಜನವರಿಯ ಆ ಬೆಳಿಗ್ಗೆ ಸುಮೇಧಾ ಹುಮನಾಬಾದಿನಲ್ಲಿ ಕ್ಯಾನು ತುಂಬಿಸಿಕೊಂಡು, ಬಿಸಿಲೇರುವ ಮೊದಲೇ ಎಲೆ ತೆಗೆಯಬೇಕೆಂದು ಆಟೋ ಹತ್ತಿ ಹೊರಟಳು. ದೂರದಿಂದಲೇ ಏನೋ ಸರಿಯಿಲ್ಲ ಅನಿಸಿತು. ಒಣ ಪಟ್ಟಿ ಯಾವಾಗಲೂ ಬೂದಿ ಬಣ್ಣದ್ದಾಗಿ, ಎಲೆಗಳನ್ನು ಬೀಡಿಯ ಹಾಗೆ ಸುರುಳಿ ಸುತ್ತಿಕೊಂಡು ನಿಂತಿರುತ್ತಿತ್ತು. ಇವತ್ತು ಅದರ ಬುಡ ಹೊಳೆಯುತ್ತಿತ್ತು. ನೆಲ ಹೊಳೆಯಬಾರದು. ಆಟೋ ನಿಲ್ಲುವ ಮೊದಲೇ ಆಕೆ ಇಳಿದಳು.

ನೀರು ಸಾಲಿನಿಂದ ಸಾಲಿಗೆ ನಿಧಾನವಾಗಿ, ತನಗೇನೂ ಸಂಬಂಧವಿಲ್ಲದವರ ಹಾಗೆ ಹರಿಯುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಪಟ್ಟಿ ಕುಡಿದಾಗಿತ್ತು. ನೀರು ಸಾಲಿಗೆ ತಿರುಗುವ ಮಡೆಯ ಬಾಯಲ್ಲಿ ಸಲಿಕೆ ಹಿಡಿದು ನಿಂತವಳು ಸುಗಂಧಾ.

ಬೈಯಬೇಕೆಂದು ಸುಮೇಧಾಳ ಬಾಯಿಗೆ ಬಂದ ಮಾತಿಗೆಲ್ಲ ಎದುರಿಗೆ ನಿಂತದ್ದು ಅವ್ವನ ಮುಖ.

“ಯಾರು ಬಿಟ್ಟಾರ ನೀರು?”

“ಮಾಲಕರು ಹೇಳಿದರು. ನಸುಕಿನಾಗ ಕರೆಂಟ್ ಬಂದಕೂಡ್ಲೆ ಬಿಡು ಅಂದರು.”

“ನಾ ಏನ್ ಹೇಳಿದ್ದೆ ನಿನಗ?”

“ನೀನೂ ಹೇಳಿದ್ದಿ.”

“ಮತ್ತ?”

“ನೀ ತಿಂಗಳಿಗೊಮ್ಮಿ ಬಂದು ಹೋಗ್ತಿ. ಅವರು ದಿನಾ ಇರ್ತಾರ.”

ಸುಮೇಧಾ ಕ್ಯಾನನ್ನು ಬದುವಿನ ಮೇಲೆ ಕುಕ್ಕಿದಳು. ಅಷ್ಟರಲ್ಲಿ ಇಸ್ತ್ರಿಯ ಬಿಳಿ ಬಟ್ಟೆಯಲ್ಲಿ, ಅತ್ತರು ಬಳಿದುಕೊಂಡು, ಪ್ರಗತಿಪರ ರೈತರೇ ಬಂದರು.

“ಬಂದೇನು? ಬಾ ಬಾ. ನೋಡವ್ವಾ ಸುಗಂಧಾ, ನಿನ್ನ ಮಗಳು ಬರೋ ಹೊತ್ತಿಗೆ ಹೊಲ ಹ್ಯಾಂಗ ಕಳಿ ಕಳಿ ಮಾಡಿಟ್ಟೀನಿ.”

“ಕಾಕಾ, ಈ ಪಟ್ಟಿ ಒಣಗಬೇಕಿತ್ತು.”

“ಒಣಗಲಿ ಅಂತ ಬೆಳಿ ಬೆಳಿಯೋರು ಯಾರ ಹುಚ್ಚಿ? ರಸ್ತಾದಾಗ ಹೋಗೋ ಮಂದಿ ಏನಂತಾರ ಗೊತ್ತದನು? ಅಂಬಾದಾಸನ ಬೋರ್ ಬತ್ತಿ ಹೋಗ್ಯದ ಅಂತಾರ. ಮೂರು ವರ್ಷದಿಂದ ಕೇಳಾಕತ್ತೀನಿ. ನಮ್ಮ ಮಗ ಶೈಲೇಶಗ ಹೆಣ್ಣು ಕೊಡಲಿಕ್ಕೆ ಇವತ್ತ ಕಲ್ಯಾಣದಿಂದ ಪಾವಣ್ಯಾರು ಬರಾಕತ್ತಾರ. ಹುಡುಗನ ಮಾರಿ ಆಮ್ಯಾಲ ನೋಡ್ತಾರವ್ವಾ, ಮೊದಲ ನೋಡೋದು ಬೋರ್.”

ಅದು ಸುಳ್ಳಲ್ಲ. ಹೆಣ್ಣು ಕೊಡಲು ಬರುವವರು ಈ ಕಡೆ ಮನೆಗೆ ಬರುವ ಮೊದಲೇ ಹೊಲ ಸುತ್ತುತ್ತಾರೆ. ವರನಿಗೆ ಎರಡು ಕಣ್ಣಿದ್ದರೆ ಸಾಕು. ರಸ್ತೆಯ ಪಕ್ಕದ ಬೆಳೆ ಮಾತ್ರ ಹಸಿರಿರಬೇಕು. ಪಾವಣ್ಯಾರು ಬರುವ ದಿನ ಪಕ್ಕದವರ ಬೋರಿನಿಂದ ಪೈಪು ಎಳೆದು ಇಜ್ಜತ್ತು ಉಳಿಸಿಕೊಂಡ ಮನೆತನಗಳೂ ಇವೆ. ಡಿಎನ್ಎಯ ಬೋರ್ಡು ಹಾಕಿಸಿದ ಕೈಯೇ ಅದರ ಹೊಟ್ಟೆಗೆ ನೀರು ಬಿಟ್ಟದ್ದರಲ್ಲಿ ಅಂಬಾದಾಸರಿಗೆ ತಪ್ಪೇನೂ ಕಾಣಲಿಲ್ಲ. ಎರಡೂ ಇಜ್ಜತ್ತಿನ ಕೆಲಸ.

ಸುಮೇಧಾ ಇನ್ನೊಮ್ಮೆ ಹೇಳಿ ನೋಡಿದಳು. “ಈ ಜ್ವಾಳದ ಅಜ್ಜಿ ನೀರಿಲ್ಲದ ಬೆಳೆದಾಳ. ತಾಯಿ ನೀರಿಲ್ಲದ ಬೆಳೆದಾಳ. ಈಗ ಇದು ನೀರಿಲ್ಲದ ನಿಂತಾಗ ಎಲಿ ತಗೊಂಡು ನೋಡಬೇಕಿತ್ತು. ಮೂರು ವರ್ಷ ಕಾಯ್ದೀನಿ ಕಾಕಾ. ಒಂದೇ ಒಂದು ಮುಂಜಾನಿ ಕಾಯಲಿಕ್ಕೆ ನಿಮಗ ಆಗಲಿಲ್ಲೇನು?”

ಅಂಬಾದಾಸರು ಹೊಟ್ಟೆ ಕುಣಿಸಿ ನಕ್ಕರು. “ಅಜ್ಜಿ, ತಾಯಿ ಒಣಗಿದ್ದು ಸಾಲದೇನು? ಮೊಮ್ಮಗಳಿಗರ ನೀರು ಕುಡಿಸೀನಿ ಬಿಡು. ಪುಣ್ಯ ಬರ್ತದ ನನಗ.”

ಈಗ ಬೋರು ಇರುವ ಜಾಗದಲ್ಲಿ ಹಿಂದೆ ಬಾವಿ ಇತ್ತು. ಸುಮೇಧಾಳ ಆಯಿ, ಅಂದರೆ ಸುಗಂಧಾಳ ಅತ್ತೆ, ಇದೇ ಹೊಲದಲ್ಲಿ ಕಳೆ ತೆಗೆದು ದಣಿದಾಗ ಆ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಬಂದು ಮೇಲಿನಿಂದ ಬೊಗಸೆಗೆ ಸುರಿಯುವ ತನಕ ದಂಡೆಯ ಕೆಳಗೆ ಕೂತು ಕಾಯಬೇಕಿತ್ತು. ಯಾರೂ ಬಾರದ ದಿನ ಹಾಗೇ ಮತ್ತೆ ಕಳೆಗೆ. ಇದನ್ನು ಆಯಿ ಅಳುತ್ತ ಹೇಳಿದವಳಲ್ಲ, ಹವಾಮಾನದ ಸುದ್ದಿಯ ಹಾಗೆ ಹೇಳುತ್ತಿದ್ದಳು.

“ನಮ್ಮ ಆಯಿಗಿ ಕುಡಿಸಿದ್ದರ ಪುಣ್ಯ ಬರ್ತಿತ್ತು ಕಾಕಾ” ಎಂದಳು ಸುಮೇಧಾ.

ಅಂಬಾದಾಸರ ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಸುಗಂಧಾ “ಸುಮಿ” ಎಂದು ಸಣ್ಣಗೆ ಗದರಿಸಿದಳು. ಅಂಬಾದಾಸರು ಗಡಿಯಾರ ನೋಡಿಕೊಂಡು, ಕೇಳಿಸಿಯೇ ಇಲ್ಲವೆಂಬಂತೆ, “ಪಾವಣ್ಯಾರಿಗೆ ಚಹಾದ ಬಂದೋಬಸ್ತ್ ನೋಡ್ತೀನಿ. ಸುಗಂಧಾ, ಇನ್ನ ಅಷ್ಟು ಸಾಲು ಮುಗಿಸಿಬಿಡು ಜಲ್ದಿ” ಎಂದು ಹೇಳಿ ಹೊರಟರು.

ಸುಮೇಧಾ ಗೈಡ್ ಸಾಹೇಬರಿಗೆ ಫೋನು ಹಚ್ಚಿದಳು. ಅವರು ಎಲ್ಲೋ ಉದ್ಘಾಟನೆಯಲ್ಲಿದ್ದರು. ಹಿಂದೆ ನಾಗಸ್ವರ ಕೇಳುತ್ತಿತ್ತು.

“ಸರ್, ಒಣ ಪಟ್ಟಿಗೆ ನೀರು ಬಿಟ್ಟಿದ್ದಾರೆ.”

“ಎಷ್ಟು ಹೊತ್ತಾಯಿತು?”

“ನಸುಕಿನಿಂದ ಹರಿಯುತ್ತಿದೆ ಸರ್. ಕೊನೆಯ ಕೆಲವು ಸಾಲು ಮಾತ್ರ ಉಳಿದಿವೆ.”

“ಅಷ್ಟೇ ತಾನೇ? ನಾಲ್ಕು ತಾಸಿನಲ್ಲಿ ಏನು ಮಹಾ ಆಗುತ್ತದೆ. ಎಲ್ಲದರದ್ದೂ ಎಲೆ ತೆಗೆದುಕೋ. ಒಣ ಪಟ್ಟಿ ಅಂತಲೇ ಬರೆದುಬಿಡು.”

“ಒಣಗಿಲ್ಲ ಸರ್. ಎಲೆ ಬಿಚ್ಚಿಕೊಳ್ಳುತ್ತಿವೆ. ಕಣ್ಣಿಗೇ ಕಾಣುತ್ತಿದೆ.”

“ನೋಡು ಸುಮೇಧಾ, ನಾನು ಈಗಾಗಲೇ ಎಲ್ಲ ಕಡೆ ಹೇಳಿಕೊಂಡು ಬಂದಿದ್ದೇನೆ. ಹೊಲದಲ್ಲಿ ಹೆಚ್ಚುಕಡಿಮೆ ಆಗುತ್ತದೆ. ಯಾರು ಬಂದು ನೋಡುತ್ತಾರೆ ಅಲ್ಲಿ?”

ಮೂರು ವರ್ಷದಲ್ಲಿ ಸಾಹೇಬರು ಆಡಿದ ಪೂರ್ತಿ ನಿಜವಾದ ಮಾತೆಂದರೆ ಇದೊಂದೇ. ಯಾರು ಬಂದು ನೋಡುತ್ತಾರೆ. ರಸ್ತೆಯವರಿಗೆ ಕಾಣಲೆಂದು ಒಬ್ಬರು ನೀರು ಬಿಡಿಸಿದ್ದರು. ಯಾರಿಗೂ ಕಾಣುವುದಿಲ್ಲವೆಂದು ಇನ್ನೊಬ್ಬರು ಆ ನೀರನ್ನು ಅಳಿಸು ಎನ್ನುತ್ತಿದ್ದರು. ಇಬ್ಬರ ನಡುವೆ ಜೋಳಕ್ಕೆ ತನ್ನದೆಂಬುದೊಂದು ಬಾಯಾರಿಕೆಯೂ ಉಳಿಯುವ ಹಾಗಿರಲಿಲ್ಲ.

“ನೀರು ಕುಡಿದ ಸಾಲನ್ನು ನೀರು ಕುಡಿದದ್ದು ಅಂತಲೇ ಬರೆಯುತ್ತೇನೆ ಸರ್. ಉಳಿದ ಸಾಲಿನಲ್ಲಿ ಸಿಕ್ಕಷ್ಟೇ ನಕ್ಷೆ. ನೀವು ಹೇಳಿಕೊಂಡು ಬಂದದ್ದು ಅದರಲ್ಲಿ ಕಾಣದಿದ್ದರೆ, ಕಾಣಲಿಲ್ಲ ಅಂತ ಬರೆಯುತ್ತೇನೆ.”

ಆ ಕಡೆ ನಾಗಸ್ವರ ಜೋರಾಯಿತು. “ನಿನ್ನ ಭವಿಷ್ಯ ನೀನೇ ಹಾಳು ಮಾಡಿಕೊಳ್ಳುತ್ತಿದ್ದೀ” ಎಂದೇನೋ ಕೇಳಿಸಿತು. ಆಕೆ ಫೋನು ಕಡಿದು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದಳು. ಕೊನೆಯ ಸಾಲುಗಳತ್ತ ನೀರಿನ ತುದಿ, ಕಸಕಡ್ಡಿ ತಳ್ಳಿಕೊಂಡು, ಇನ್ನೊಂದು ಮಾರು ದೂರದಲ್ಲಿತ್ತು.

“ಅವ್ವಾ, ಮಡಿ ಕಟ್ಟು.”

ಸುಗಂಧಾ ಅಲುಗಲಿಲ್ಲ. “ಅವರು ಮುಗಿಸು ಅಂದಾರ.”

“ಕಟ್ಟಂಗಿಲ್ಲೇನು?”

“ನಾಳಿ ಕೆಲಸಕ್ಕ ಬರಬ್ಯಾಡ ಅಂತಾರ ಸುಮಿ.”

“ಅಂತಾರ. ಖರೆ ಅದ. ನನಗೂ ಈಗ ಅದೇ ಅಂದರು.” ಸುಮೇಧಾ ಬಗ್ಗಿ ಎರಡೂ ಕೈಯಿಂದ ಕೆಸರು ಬಾಚಿ ಸಾಲಿನ ಬಾಯಿಗೆ ಒತ್ತತೊಡಗಿದಳು. ಪುಸ್ತಕ ಹಿಡಿದ ಕೈ. ಹಾಕಿದ ಕೆಸರನ್ನೆಲ್ಲ ನೀರು ಕರಗಿಸಿಕೊಂಡು ಮುಂದೆ ಹೋಗುತ್ತಿತ್ತು. ಆಕೆ ಮತ್ತೆ ಹಾಕುತ್ತಿದ್ದಳು. ನೀರಿಗೆ ಬೈಯುತ್ತಿದ್ದಳು, ಫಲಕಕ್ಕೆ ಬೈಯುತ್ತಿದ್ದಳು, ಕಲ್ಯಾಣದಿಂದ ಹೊರಟವರಿಗೆ, ಹುಟ್ಟಿದ್ದಕ್ಕೆ ಶೈಲೇಶನಿಗೆ.

ಸುಗಂಧಾ ಸ್ವಲ್ಪ ಹೊತ್ತು ನೋಡಿದಳು. ಹಾದಿಯಲ್ಲಿ ದೂರ ಹೋಗುತ್ತಿದ್ದ ಬಿಳಿ ಅಂಗಿಯ ಬೆನ್ನನ್ನೂ ನೋಡಿದಳು. ಆಮೇಲೆ, “ಸರಿ ಆಕಡಿ, ಹಂಗಲ್ಲ” ಎಂದು ಮಗಳನ್ನು ಮೊಳಕೈಯಿಂದ ತಳ್ಳಿ, ಸಲಿಕೆ ತುಂಬ ಗಟ್ಟಿ ಮಣ್ಣು ಎತ್ತಿ ಮಡೆಗೆ ಹಾಕಿದಳು. ಇನ್ನೊಂದು. ಮತ್ತೊಂದು, ಅದರ ಮೇಲೆ ಕಾಲಿಟ್ಟು ತುಳಿದಳು. ನೀರು ತಡೆದು, ತುಸು ಯೋಚಿಸಿ, ಹಸಿರು ಪಟ್ಟಿಯ ಕಡೆಗೆ ತಿರುಗಿತು.

“ಹಗ್ಗ ಮುಟ್ಟಿದ್ದಕ್ಕ ನಮ್ಮ ಅತ್ತಿಗಿ ಒಮ್ಮಿ ಹೊಡೆದಿದ್ದರು” ಎಂದಳು ಸುಗಂಧಾ, ಸಲಿಕೆ ಒರೆಸುತ್ತ. “ನಿನಗ ಅದು ಆಕಿ ಹೇಳಿಲ್ಲ.”

ಸುಮೇಧಾ ಕೈ ತೊಳೆದುಕೊಂಡು ಕ್ಯಾನಿನ ಮುಚ್ಚಳ ತೆಗೆದಳು. ಉಳಿದ ಸಾಲುಗಳ ಜೋಳ ಸುರುಳಿ ಬಿಚ್ಚದೆ, ಬೂದಿ ಬಣ್ಣದಲ್ಲಿ, ಹಟ ಹಿಡಿದವರ ಹಾಗೆ ನಿಂತಿತ್ತು. ಒಂದೊಂದು ಗಿಡದಿಂದ ಒಂದೊಂದು ಎಲೆ ಕತ್ತರಿಸಿ, ಹಾಳೆಯಲ್ಲಿ ಸುತ್ತಿ, ಗುರುತು ಹಾಕಿ ಹೊಗೆಯೊಳಗೆ ಇಳಿಸತೊಡಗಿದಳು. ಸಿಟ್ಟು ಇಳಿದಿರಲಿಲ್ಲ.

ಅರ್ಧದಷ್ಟು ಮುಗಿದಿರಬೇಕು, ರಸ್ತೆಯಲ್ಲಿ ಎರಡು ಕಾರು ನಿಂತವು. ಬಸವಕಲ್ಯಾಣದ ಪಾವಣ್ಯಾರು ಇಳಿದರು: ಮುಂದೆ ಹೆಣ್ಣಿನ ತಂದೆ, ಹಿಂದೆ ಮಾವ, ಕಾಕಾ, ಯಾರ ಕಡೆಯವರೆಂದು ಯಾರಿಗೂ ಗೊತ್ತಿಲ್ಲದ ಒಬ್ಬರು. ಅಂಬಾದಾಸರು ಅವರನ್ನು ಫಲಕದ ಎದುರು ನಿಲ್ಲಿಸಿ, ಎರಡೂ ಭಾವಚಿತ್ರ ನೋಡಲು ಸಾಕಷ್ಟು ಸಮಯ ಕೊಟ್ಟು, ಹೊಲದೊಳಗೆ ಕರೆತಂದರು. ಕಟ್ಟಿದ ಮಡೆ ಕಣ್ಣಿಗೆ ಬಿತ್ತು. ಸುಗಂಧಾಳ ಕಡೆ ಕೆಂಗಣ್ಣು ಬಿಟ್ಟರು. ಸುಗಂಧಾ ಸಲಿಕೆ ಊರಿಕೊಂಡು ಅವರನ್ನೇ ನೋಡಿದಳು. ಪಾವಣ್ಯಾರ ಎದುರು ಕೂಲಿಯವಳ ಜೊತೆ ಜಗಳ ತೆಗೆಯುವುದು ಇಜ್ಜತ್ತಿನ ಕೆಲಸವಲ್ಲ. ಅವರು ನುಂಗಿಕೊಂಡರು.

“ಇದು ಯಾಕ ಒಣಗೇದ್ರಿ?” ಎಂದರು ಹೆಣ್ಣಿನ ತಂದೆ, ಕೊನೆಯ ಸಾಲುಗಳನ್ನು ನೋಡುತ್ತ. “ಬೋರ್ ಕಮ್ಮಿ ಅದನು?”

“ಬೋರ್ ಅಲ್ರಿ ಬೀಗರ, ಡಿಎನ್ಎ!” ಎಂದರು ಅಂಬಾದಾಸರು. “ಇದು ಬೇಕಂತ ಒಣಗಿಸಿದ್ದು. ಇಂಟರ್‌ನ್ಯಾಷನಲ್. ನೀರು ಭಾಳ ಆಗಿ ಏನು ಮಾಡಬೇಕು ತಿಳೀದ ಹಿಂಗ ಮಾಡೀವಿ. ನಮ್ಮ ಸುಗಂಧಾನ ಮಗಳಿಗೆ ನಾನೇ ಹೇಳಿಕೊಟ್ಟು ಮಾಡಸಾಕತ್ತೀನಿ.”

ಸುಮೇಧಾ ತಿರುಗಿಯೂ ನೋಡಲಿಲ್ಲ. ಕತ್ತರಿಸಿದಳು, ಸುತ್ತಿದಳು, ಇಳಿಸಿದಳು. ಹೊಗೆ ಕಂಡು ಬೀಗರು ನಾಲ್ಕು ಹೆಜ್ಜೆ ಮುಂದೆ ಬಂದರು. ಅಂಬಾದಾಸರು ಅವರಿಗಿಂತ ಎರಡು ಹೆಜ್ಜೆ ಹೆಚ್ಚು ಮುಂದೆ ಬಂದು, ಸಾಲಿನ ನಡುವೆಯೇ ನಿಂತು, ಎದೆ ಉಬ್ಬಿಸಿದರು.

“ಗಿಡದ ಅಜ್ಜಿ ಮುತ್ಯಾ ಏನೇನು ಕಂಡಾರ, ಅದೆಲ್ಲಾ ಮಷಿನ್‌ನಾಗ ಬರ್ತದ್ರಿ” ಎಂದು ವಿವರಿಸಿ, ಬೀಗರಿಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಸುಮೇಧಾಳಿಗೆ ಕೇಳಿದರು: “ಹೌದಲ್ಲವ್ವಾ? ಮತ್ತ ನಮ್ಮ ಮುತ್ಯಾ ನಿಜಾಮನ ಕಾಲದಾಗ ಏಳೂರಿನ ಗೌಡಕಿ ಮಾಡಿದ ಮನುಷ್ಯಾ. ಆ ದೊಡ್ಡಸ್ತಿಕಿ ನನ್ನ ಡಿಎನ್ಎದಾಗೂ ಕಾಣ್ತದೇನು?”

ಸುಮೇಧಾ ಕತ್ತರಿ ಹಿಡಿದೇ ಅವರ ಬೂಟಿನ ಕಡೆ ನೋಡಿದಳು.

“ಇಲ್ಲ. ಕಾಲು ತಗೀರಿ, ಜ್ವಾಳದ ಮ್ಯಾಲ ನಿಂತೀರಿ.”